ಘಾಟಿಯಲ್ಲಿ ಕೆಟ್ಟು ನಿಂತ ಗಾಡಿಯನ್ನು ತುರ್ತು ಸ್ಥಿತಿ ಅಂತಲೇ ನೋಡಿ: ಹಾಸನ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಹಾಸನ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರಾದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಸಮಿತಿಯ ಎಲ್ಲ ಸದಸ್ಯರಿಗೆ, ಜೊತೆಗೆ ಶಿರಾಡಿ ಘಾಟಿಯಲ್ಲಿ ಓಡಾಡುವ ನಮ್ಮೆಲ್ಲ ಜನರಿಗೆ ನಮಸ್ಕಾರ.

ನಾನು ಸಕಲೇಶಪುರದಲ್ಲಿ ಟ್ಯಾಕ್ಸಿ ಓಡಿಸುವವನು. ಹಾಸನದ ಆಸ್ಪತ್ರೆ, ಮಂಗಳೂರಿನ ವಿಮಾನ ನಿಲ್ದಾಣ, ಧರ್ಮಸ್ಥಳ, ಸುಬ್ರಹ್ಮಣ್ಯ, ಮದುವೆ ದಿಬ್ಬಣ, ಬಾಡಿಗೆ ಯಾವುದೇ ಇರಲಿ, ನನಗೆ ದಾರಿ ಮಾತ್ರ ಶಿರಾಡಿ ಘಾಟಿಯ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 75. ಈ ದಾರಿ ಬಗ್ಗೆ ಮಾತು ಬಂದಾಗೆಲ್ಲ ಗುಡ್ಡ ಕುಸಿತ, ಗುಂಡಿ, ಮುಗಿಯದ ಕಾಮಗಾರಿ ಇವೇ ಚರ್ಚೆಯಾಗುತ್ತವೆ. ಆಗಬೇಕಾದ್ದೇ. 2024ರ ಜುಲೈನಲ್ಲಿ ದೊಡ್ಡತಪ್ಪಲು ಹತ್ತಿರ ಗುಡ್ಡ ಕುಸಿದಾಗ ಈ ಭಾಗದ ಜನ ಪಟ್ಟ ಪಾಡು ತಮಗೆ ಗೊತ್ತೇ ಇದೆ. ಆದರೆ ಗುಡ್ಡ ಮಳೆಗಾಲದಲ್ಲಿ ಕುಸಿಯುತ್ತದೆ. ಗಾಡಿಗಳು ದಿನಾ ಕೆಡುತ್ತವೆ. ದಿನಾ ಆಗುವ ಈ ಸಂಗತಿಗೆ ನಮ್ಮಲ್ಲಿ ಒಂದು ವ್ಯವಸ್ಥೆ ಅಂತ ಇಲ್ಲ, ಅಭ್ಯಾಸವೂ ಇಲ್ಲ. ಅದಕ್ಕೇ ಈ ಪತ್ರ.

ನಾನು ಹೇಳಬೇಕಾದದ್ದು ಇಷ್ಟು. ಟೈರ್ ಪಂಚರ್ ಆಯಿತು, ಕ್ಲಚ್ ಪ್ಲೇಟ್ ಹೋಯಿತು, ಇಂಜಿನ್ ಬಿಸಿಯಾಯಿತು ಅಂತ ಯಾರೂ ಸಾಯುವುದಿಲ್ಲ. ನಿಂತ ಗಾಡಿಗೆ ಹಿಂದಿನಿಂದ ಇನ್ನೊಂದು ಗಾಡಿ ಬಂದು ಗುದ್ದಿದಾಗ ಸಾಯುತ್ತಾರೆ. ಹಾಗಾಗಿ ಗಾಡಿ ಕೆಟ್ಟು ನಿಂತರೆ ಅದು ಗಾಡಿಯವನ ಸ್ವಂತ ತಾಪತ್ರಯ ಅಂತ ಬಿಡಬೇಡಿ. ಆ ಕ್ಷಣದಿಂದ ಅದು ತುರ್ತು ಸ್ಥಿತಿ.

ದೋಣಿಗಾಲ್ ದಾಟಿ ಕೆಳಗೆ ಇಳಿಯುವಾಗ ಮಳೆಗಾಲದ ರಾತ್ರಿ ನಾವು ನೋಡುವುದು ಏನು ಅಂತ ಹೇಳುತ್ತೇನೆ. ತಿರುವಿನಲ್ಲಿ ಒಂದು ಲಾರಿ ನಿಂತಿರುತ್ತದೆ. ಆಕ್ಸಲ್ ಕಟ್ ಆಗಿರುತ್ತದೆ. ಹಿಂದಿನ ಲೈಟಿನ ಮೇಲೆ ಕೆಸರು ಮೆತ್ತಿಕೊಂಡಿರುತ್ತದೆ, ರಿಫ್ಲೆಕ್ಟರ್ ಪಟ್ಟಿ ಯಾವತ್ತೋ ಕಿತ್ತುಹೋಗಿದೆ. ಡ್ರೈವರ್ ಪಕ್ಕದ ಗಿಡದಿಂದ ಎರಡು ಕೊಂಬೆ ಸೊಪ್ಪು ಮುರಿದು ಲಾರಿಯ ಹಿಂದೆ ಹಾಕಿರುತ್ತಾನೆ. ಜೊತೆಗೆ ಸಾಲಾಗಿ ನಾಲ್ಕೈದು ದಪ್ಪ ಕಲ್ಲು. ಪಾಪ, ಅವನಿಗೆ ಗೊತ್ತಿರುವುದು ಅಷ್ಟೇ. ಒದ್ದೆ ರಸ್ತೆಯ ಮೇಲೆ ಒದ್ದೆ ಹಸಿರು ಸೊಪ್ಪು ಹೆಡ್‌ಲೈಟಿಗೆ ಹೊಳೆಯುವುದಿಲ್ಲ. ಕಾಣಿಸುವ ಹೊತ್ತಿಗೆ ನಾವು ಅದರ ಮೇಲೆ ಇರುತ್ತೇವೆ. ಬೆಳಗಾಗುವಷ್ಟರಲ್ಲಿ ಮೆಕ್ಯಾನಿಕ್ ಬಂದು, ಲಾರಿ ರಿಪೇರಿಯಾಗಿ ಹೋಗಿರುತ್ತದೆ. ಕಲ್ಲು ಮಾತ್ರ ಅಲ್ಲೇ ಇರುತ್ತವೆ. ಚಕ್ರಕ್ಕೆ ಕೊಟ್ಟ ಕಲ್ಲೂ ಅಲ್ಲೇ. ಮಾರನೇ ದಿನ ರಾತ್ರಿ ಮಂಜಿನಲ್ಲಿ ಬೈಕಿನಲ್ಲಿ ಬರುವ ಹುಡುಗನಿಗೆ ಅಲ್ಲಿ ಲಾರಿ ನಿಂತಿತ್ತು ಅಂತ ಹೇಗೆ ಗೊತ್ತಾಗಬೇಕು?

ಲಾರಿ ಅಣ್ಣಂದಿರಲ್ಲಿ ಮೊದಲ ಬೇಡಿಕೆ: ಹೊರಡುವಾಗ ಕಲ್ಲು ಎತ್ತಿ ಹಾಕಿ. ಎರಡು ನಿಮಿಷದ ಕೆಲಸ.

ಸೊಪ್ಪಿನ ಬದಲು ಇಡಬೇಕಾದದ್ದು ಕೆಂಪು ರಿಫ್ಲೆಕ್ಟರ್ ತ್ರಿಕೋನ. ಹೊಸ ಕಾರಿನ ಜೊತೆಗೇ ಅದು ಬರುತ್ತದೆ. ಬಂದ ದಿನದಿಂದ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಸ್ಟೆಪ್ನಿ ಕೆಳಗೆ ಮಲಗಿರುತ್ತದೆ. ತುಂಬಾ ಜನಕ್ಕೆ ಅದನ್ನು ಬಿಡಿಸಿ ನಿಲ್ಲಿಸುವುದು ಹೇಗೆ ಅಂತಲೇ ಗೊತ್ತಿಲ್ಲ. ದಯವಿಟ್ಟು ಇವತ್ತೇ ಮನೆ ಮುಂದೆ ಒಮ್ಮೆ ಬಿಡಿಸಿ ನೋಡಿ. ಮಳೆಯಲ್ಲಿ, ಕತ್ತಲಲ್ಲಿ, ಮಕ್ಕಳು ಅಳುತ್ತಿರುವಾಗ ಮೊದಲ ಸಲ ಬಿಡಿಸಲು ಕೂತರೆ ಆಗುವುದಿಲ್ಲ.

ಬಂಪರ್ ಪಕ್ಕದಲ್ಲೇ ತ್ರಿಕೋನ ಇಟ್ಟು ಕೈ ತೊಳೆದುಕೊಂಡರೆ ಪ್ರಯೋಜನವಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಗಾಡಿ ಒಂದು ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್ ಮುಂದೆ ಬಂದಿರುತ್ತದೆ. ತ್ರಿಕೋನವನ್ನು 50 ಮೀಟರ್ ಹಿಂದೆ ಇಟ್ಟರೂ ಬರುವವನಿಗೆ ಸಿಗುವುದು ಮೂರೇ ಸೆಕೆಂಡು. ಅದರಲ್ಲಿ ಒಂದು ಸೆಕೆಂಡು ನೋಡಿ ಅರ್ಥ ಮಾಡಿಕೊಳ್ಳುವುದರಲ್ಲೇ ಹೋಗುತ್ತದೆ. 80ರಲ್ಲಿ ಬಂದರೆ ಸೆಕೆಂಡಿಗೆ 22 ಮೀಟರ್. ಅದಕ್ಕೇ ಕನಿಷ್ಠ 70 ಹೆಜ್ಜೆ ಹಿಂದೆ ಇಡಿ. ಚತುಷ್ಪಥದಲ್ಲಿ ಇನ್ನೂ ಜಾಸ್ತಿ ಹಿಂದೆ. ಘಾಟಿಯಲ್ಲಿ ಹೆಜ್ಜೆ ಲೆಕ್ಕಕ್ಕಿಂತ ತಿರುವು ಮುಖ್ಯ: ಗಾಡಿ ತಿರುವಿನ ಆಚೆ ನಿಂತಿದ್ದರೆ ತ್ರಿಕೋನ ತಿರುವಿನ ಈಚೆ ಇರಬೇಕು. ಹೋಗುವ ಗಾಡಿ, ಬರುವ ಗಾಡಿ ಒಂದೇ ರಸ್ತೆಯಲ್ಲಿ ಓಡುವ ಕಡೆ ಎದುರು ದಿಕ್ಕಿಗೂ ಒಂದು ಗುರುತು ಬೇಕು, ಯಾಕೆಂದರೆ ನಿಂತ ಗಾಡಿಯನ್ನು ಬಳಸಿಕೊಂಡು ಹೋಗುವವರು ಎದುರಿನವರ ಪಾಲಿನ ರಸ್ತೆಗೇ ಬರುತ್ತಾರೆ. ಅದನ್ನು ಇಡಲು ಹೋಗುವಾಗ ರಸ್ತೆಯ ಅಂಚಿನಲ್ಲಿ ನಡೆಯಿರಿ, ಬರುವ ಗಾಡಿಗಳ ಕಡೆಗೇ ಮುಖ ಇರಲಿ. ಮೊಬೈಲ್ ಟಾರ್ಚ್ ಕೈಯಲ್ಲಿರಲಿ.

ಇನ್ನೂ ಒಂದು ವಿಷಯ ನಾನು ಪದೇಪದೇ ನೋಡುತ್ತೇನೆ. ಗಾಡಿ ನಿಂತ ಕೂಡಲೇ ಎಲ್ಲರೂ ಇಳಿದು ಹಿಂದೆ ಬಂದು ನಿಲ್ಲುತ್ತಾರೆ. ಡಿಕ್ಕಿ ಎತ್ತಿರುತ್ತಾರೆ. ಕೆಲವು ಕಾರುಗಳಲ್ಲಿ ಹಿಂದಿನ ಲೈಟಿನ ಅರ್ಧ ಭಾಗ ಡಿಕ್ಕಿ ಬಾಗಿಲಲ್ಲೇ ಇರುತ್ತದೆ, ಬಾಗಿಲು ಎತ್ತಿದರೆ ಆ ಲೈಟು ಆಕಾಶ ನೋಡುತ್ತದೆ. ಉಳಿದರ್ಧಕ್ಕೆ ಮನುಷ್ಯರೇ ಅಡ್ಡ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವ ಹಜಾರ್ಡ್ ಲೈಟ್ ಹಾಕಿದ್ದರೂ ಬರುವವನಿಗೆ ಕಾಣುವುದಿಲ್ಲ. ಬೇಕಾದ್ದು ತೆಗೆದುಕೊಂಡು ಡಿಕ್ಕಿ ಮುಚ್ಚಿ. ಎಲ್ಲರೂ ರಸ್ತೆಯಿಂದ ಆಚೆ ಹೋಗಿ. ಗಾಡಿಯ ಮುಂದೆ ಮಾತ್ರ ನಿಲ್ಲಬೇಡಿ, ಹಿಂದಿನಿಂದ ಗುದ್ದಿದರೆ ನಿಮ್ಮ ಕಾರೇ ನಿಮ್ಮ ಮೇಲೆ ಬರುತ್ತದೆ. ಕಣಿವೆ ಕಡೆಯ ತಡೆಗೋಡೆಯ ಆಚೆಗೆ ಕಾಲಿಡಬೇಡಿ, ಮಳೆಗೆ ಅಲ್ಲಿನ ಮಣ್ಣು ಸಡಿಲವಾಗಿರುತ್ತದೆ. ಗುಡ್ಡ ಕಡಿದ ಜಾಗದ ಬುಡದಲ್ಲೂ ಬೇಡ.

ಪಂಚರ್ ಆದರೆ ಇದ್ದಲ್ಲೇ ನಿಲ್ಲಿಸಿ ಜಾಕಿ ಹಾಕುವವರು ಬಹಳ. ಅದರಲ್ಲೂ ಬಲಗಡೆಯ ಟೈರು ಹೋದರೆ ಬೋಲ್ಟ್ ಬಿಚ್ಚುವವನ ಬೆನ್ನು ಓಡುವ ಲಾರಿಗಳ ಕಡೆಗೇ ಇರುತ್ತದೆ. ಟೈರ್ ಹಾಳಾದರೆ ಆಗಲಿ. ಹಜಾರ್ಡ್ ಹಾಕಿಕೊಂಡು, ನಡೆಯುವ ವೇಗದಲ್ಲಿ, ಅಗಲವಾದ ಸಮತಟ್ಟು ಜಾಗ ಸಿಗುವವರೆಗೆ ಉರುಳಿಸಿಕೊಂಡು ಹೋಗಿ. ಟೈರಿಗೆ ಕೆಲವು ಸಾವಿರ ಆಗುತ್ತದೆ, ಅಷ್ಟೇ ತಾನೆ. ಇನ್ನು ಹೊಸ ಕಾರು ಇರುವವರು ಹೊರಡುವ ಮುಂಚೆ ಸ್ಟೆಪ್ನಿ ಇದೆಯೇ ಅಂತ ನೋಡಿಕೊಳ್ಳಿ. 2020ರ ನಿಯಮದ ಪ್ರಕಾರ ಟ್ಯೂಬ್‌ಲೆಸ್ ಟೈರು, ಗಾಳಿ ಕಡಿಮೆಯಾದರೆ ತಿಳಿಸುವ ವ್ಯವಸ್ಥೆ, ಪಂಚರ್ ಕಿಟ್ ಮೂರೂ ಇದ್ದರೆ ಕಂಪನಿ ಸ್ಟೆಪ್ನಿ ಕೊಡಬೇಕೆಂದಿಲ್ಲ. ಊರೊಳಗೆ ಅದು ಸಾಕು. ಘಾಟಿಯಲ್ಲಿ ಗುಂಡಿಯ ಅಂಚಿಗೆ ಬಡಿದು ಟೈರಿನ ಪಕ್ಕೆ ಸೀಳಿದರೆ ಕಿಟ್‌ನಿಂದ ಏನೂ ಆಗುವುದಿಲ್ಲ.

ಬಯಲುಸೀಮೆ ಕಡೆಯಿಂದ ಬರುವವರಿಗೆ ಬ್ರೇಕ್ ಬಗ್ಗೆ ಒಂದು ಮಾತು. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡಿಕೊಂಡು ಇಳಿಯಬೇಡಿ. ಇಂಜಿನ್ ಹಿಡಿತ ತಪ್ಪಿದರೆ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಹಿಡಿಯುವುದಿಲ್ಲ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ತಾನಾಗಿ ಆರಲಿ. ನಿಜವಾಗಿಯೂ ಬ್ರೇಕ್ ಕೈಕೊಟ್ಟರೆ ಪೆಡಲನ್ನು ಪಂಪ್ ಮಾಡುತ್ತಾ ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆಯಿರಿ. ಇಂಜಿನ್ ಆಫ್ ಮಾಡಬೇಡಿ. ಆಫ್ ಆದರೆ ಸ್ಟೇರಿಂಗ್ ಬಿಗಿಯಾಗುತ್ತದೆ, ಕೀ ಎಳೆದರೆ ಲಾಕೇ ಆಗಬಹುದು. ಹತ್ತುವಾಗ ಇಂಜಿನ್ ಬಿಸಿಯಾದರೆ ಎಸಿ ಆಫ್ ಮಾಡಿ, ನಿಲ್ಲಿಸಿ, ಕಾಯಿರಿ. ರೇಡಿಯೇಟರ್ ಮುಚ್ಚಳ ಬಿಸಿ ಇರುವಾಗ ತೆಗೆದರೆ ಕುದಿಯುವ ನೀರು ಮುಖಕ್ಕೇ ಹಾರುತ್ತದೆ.

ಮಂಜಿನಲ್ಲಿ ಓಡುತ್ತಲೇ ಹಜಾರ್ಡ್ ಹಾಕಿಕೊಳ್ಳುವ ಅಭ್ಯಾಸ ಈಗ ಎಲ್ಲರಿಗೂ ಬಂದುಬಿಟ್ಟಿದೆ. ಬಿಡಿ ಅದನ್ನು. ಓಡುವ ಗಾಡಿಯೂ ಮಿನುಗುತ್ತದೆ, ನಿಂತ ಗಾಡಿಯೂ ಮಿನುಗುತ್ತದೆ ಅಂದ್ರೆ ಹಿಂದಿನವನು ಯಾವುದನ್ನು ನಂಬಬೇಕು? ಮಂಜಿಗೆ ಡಿಮ್ ಲೈಟ್, ಫಾಗ್ ಲೈಟ್. ಹಜಾರ್ಡ್ ನಿಂತಾಗ ಮಾತ್ರ.

ಇಳಿದು ರಸ್ತೆಯಿಂದ ದೂರ ಹೋಗಿ ಅಂತ ಹೇಳಿದೆನಲ್ಲ, ಅದು ಹೆದ್ದಾರಿಯ ಮಾತು. ಬಿಸಿಲೆ ದಾರಿಯಲ್ಲೋ, ಸಕಲೇಶಪುರ, ಆಲೂರು, ಬೇಲೂರು ಕಡೆಯ ಎಸ್ಟೇಟ್ ರಸ್ತೆಗಳಲ್ಲೋ ರಾತ್ರಿ ಗಾಡಿ ನಿಂತರೆ ಲೆಕ್ಕ ಬೇರೆ. ಅಲ್ಲಿ ಹಿಂದಿನಿಂದ ಬರುವ ಗಾಡಿಗಿಂತ ಆನೆಯ ಭಯ ದೊಡ್ಡದು. ಕಾಫಿ ತೋಟದ ನೆರಳಲ್ಲಿ ಹತ್ತು ಅಡಿ ದೂರದಲ್ಲಿ ಒಂಟಿ ಸಲಗ ನಿಂತಿದ್ದರೂ ಕಾಣುವುದಿಲ್ಲ. ಅಲ್ಲಿ ಗಾಡಿಯೊಳಗೇ ಇರಿ, ಗಾಜು ಏರಿಸಿ. ಆನೆ ಕಂಡರೆ ಹಾರ್ನ್ ಬೇಡ, ಫೋಟೋ ಬೇಡ, ಇಳಿದು ಓಡುವುದು ಬೇಡ. ಅರಣ್ಯ ಇಲಾಖೆಯ ಸಹಾಯವಾಣಿ 1926.

ಇನ್ನು ಟ್ಯಾಂಕರ್. ಮಂಗಳೂರಿನಿಂದ ಮೇಲೆ ಬರುವ ಗ್ಯಾಸಿನ ಬುಲೆಟ್ ಟ್ಯಾಂಕರ್‌ಗಳು ನಮ್ಮ ಘಾಟಿಯಲ್ಲೇ ಹತ್ತುತ್ತವೆ. ಒಂದು ಪಲ್ಟಿಯಾದರೆ ಸಾಕು, ಅರ್ಧ ಗಂಟೆಯಲ್ಲಿ ಸುತ್ತ ಜನ ಜಾತ್ರೆ. ಮೊಬೈಲ್ ಹಿಡಿದು ಹತ್ತಿರ ಹೋಗುತ್ತಾರೆ. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹಾರಿ ಹೋಗುವುದಿಲ್ಲ, ನೆಲ ಹಿಡಿದು ತಗ್ಗಿನ ಕಡೆಗೆ ಹರಿಯುತ್ತದೆ. ಘಾಟಿಯಲ್ಲಿ ತಗ್ಗು ಅಂದ್ರೆ ಕೆಳಗಿನ ತಿರುವು, ಅಲ್ಲಿ ಸಾಲಾಗಿ ನಿಂತಿರುವ ಗಾಡಿಗಳು, ಪಕ್ಕದ ಹಳ್ಳ. ಹಾಗಾಗಿ ವಾಸನೆ ಬಂದ ತಕ್ಷಣ ಮೇಲಿನ ಕಡೆಗೆ, ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ನಡೆದು ದೂರ ಹೋಗಿ. ಗಾಡಿ ಸ್ಟಾರ್ಟ್ ಮಾಡಬೇಡಿ, ಸಿಗರೇಟ್ ಹಚ್ಚಬೇಡಿ. ಸಾಕಷ್ಟು ದೂರ ಹೋದ ಮೇಲೆ 112ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆ ಅಂತಲೇ 1906 ಇದೆ. ಗಾಡಿಯೊಳಗೆ ಕೂತಿರುವ ವಯಸ್ಸಾದವರನ್ನು ಕರೆದುಕೊಂಡು ಹೋಗಿ, ಸಾಮಾನು ಬಿಡಿ.

ಲಾರಿ ಕೆಟ್ಟಾಗ ಹಿಂದಿನವರು ಮಾಡುವ ಒಂದು ಕೆಲಸ ನನಗೆ ಬಹಳ ಸಂಕಟ ಕೊಡುತ್ತದೆ. ಒಂದು ಲೈನ್ ನಿಂತಿರುತ್ತದೆ. ನುಗ್ಗಿ ಬಂದ ಕಾರುಗಳು ಪಕ್ಕದಲ್ಲಿ ಎರಡನೇ ಲೈನ್ ಮಾಡುತ್ತವೆ. ಎದುರಿನಿಂದಲೂ ಹಾಗೇ. ಅಲ್ಲಿಗೆ ಮುಗಿಯಿತು. ಕ್ರೇನ್ ಬರಲು ದಾರಿ ಇಲ್ಲ, 108 ಬರಲು ದಾರಿ ಇಲ್ಲ. ಒಂದು ಗಂಟೆಯಲ್ಲಿ ಬಿಡಬೇಕಾದ ದಾರಿ ರಾತ್ರಿಯೆಲ್ಲ ಬಿಡುವುದಿಲ್ಲ. ಆ ಸಾಲಿನ ಮಧ್ಯೆ ಬಾಣಂತಿ ಇರುತ್ತಾರೆ, ಹೃದಯದ ತೊಂದರೆ ಅಂತ ಮಂಗಳೂರಿಗೆ ಹೊರಟವರು ಇರುತ್ತಾರೆ. ನಾನು ಅಂಥವರನ್ನು ಕೂರಿಸಿಕೊಂಡು ನಿಂತಿದ್ದೇನೆ. ನಿಮ್ಮ ಲೈನಿನಲ್ಲೇ ಇರಿ, ದಯವಿಟ್ಟು.

ಸಹಾಯಕ್ಕೆ ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಜನಕ್ಕೆ ಸರಿಯಾಗಿ ಗೊತ್ತಿಲ್ಲ. ಪೊಲೀಸ್, ಅಗ್ನಿಶಾಮಕ, ಎಲ್ಲ ತುರ್ತಿಗೂ 112. ಆಂಬ್ಯುಲೆನ್ಸಿಗೆ 108. ರಾಷ್ಟ್ರೀಯ ಹೆದ್ದಾರಿಯಲ್ಲಿ ಏನೇ ಆದರೂ 1033. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಅಲ್ಲಿ ಬೇರೆ ಯಾವುದಾದರೂ ಕಂಪನಿಯ ಸಿಗ್ನಲ್ ಇದ್ದರೆ 112 ಹೋಗುತ್ತದೆ, ಪ್ರಯತ್ನಿಸಿ. ಯಾವುದೂ ಇಲ್ಲ ಅಂದ್ರೆ ಬಸ್ಸು ನಿಲ್ಲಿಸಿ, ಡ್ರೈವರ್ ಕೈಯಲ್ಲಿ ಚೀಟಿ ಕೊಡಿ: ಗಾಡಿ ನಂಬರ್, ಎಷ್ಟು ಜನ, ಏನಾಗಿದೆ, ಎಲ್ಲಿ. ಈ "ಎಲ್ಲಿ" ಅನ್ನುವುದೇ ಕಷ್ಟ. "ಒಂದು ದೊಡ್ಡ ತಿರುವು, ಪಕ್ಕದಲ್ಲಿ ಕಾಡು" ಅಂತ ಹೇಳಿದರೆ ಶಿರಾಡಿಯಲ್ಲಿ ಎಲ್ಲಿ ಅಂತ ಹುಡುಕಬೇಕು? ರಸ್ತೆ ಪಕ್ಕದ ಕಿಲೋಮೀಟರ್ ಕಲ್ಲು ನೋಡಿ. ಹೆದ್ದಾರಿಯ ಕಲ್ಲಿಗೆ ತಲೆ ಹಳದಿ ಬಣ್ಣ ಇರುತ್ತದೆ. ಅದರ ಮೇಲಿನ ಊರು, ದೂರ ಓದಿ ಹೇಳಿ.

ಯಾರಿಗಾದರೂ ಪೆಟ್ಟಾಗಿದ್ದರೆ ನಿಲ್ಲಿಸಿ. ಕೇಸು, ಕೋರ್ಟು ಅಂತ ಹೆದರುವ ಕಾಲ ಹೋಯಿತು. 2016ರ ಮಾರ್ಚ್‌ನಲ್ಲೇ ಸುಪ್ರೀಂ ಕೋರ್ಟ್ ಸಹಾಯ ಮಾಡುವವರ ರಕ್ಷಣೆಯ ಮಾರ್ಗಸೂಚಿಗೆ ಮುದ್ರೆ ಒತ್ತಿತು. ಆಮೇಲೆ 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು, ವಿಳಾಸ ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ದುಡ್ಡಿನ ಚಿಂತೆಯೂ ಬೇಡ: 2025ರಲ್ಲಿ ಕೇಂದ್ರ ತಂದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬೆಂಕಿಯ ಅಪಾಯ ಇಲ್ಲದಿದ್ದರೆ ಕುತ್ತಿಗೆ, ಬೆನ್ನಿಗೆ ಪೆಟ್ಟಾದವರನ್ನು ಎಳೆದಾಡಬೇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ನಮ್ಮ ಜನ ಪ್ರೀತಿಯಿಂದಲೇ ಹಾಕುತ್ತಾರೆ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಮಾನ್ಯರೇ, ಜನರಿಗೆ ಹೇಳಬೇಕಾದದ್ದು ಹೇಳಿದೆ. ಈಗ ತಮ್ಮಿಂದ ಆಗಬೇಕಾದದ್ದು.

ಎಲ್ಲಕ್ಕಿಂತ ಮೊದಲು ಕ್ರೇನ್. ಜೂನ್‌ನಿಂದ ಮಳೆ ನಿಲ್ಲುವವರೆಗೆ, ಆಮೇಲೆ ಸಾಲು ರಜೆ ಬಂದಾಗೆಲ್ಲ, ಹಾಸನಾಂಬ ದರ್ಶನದ ದಿನಗಳಲ್ಲಿ, ಸಕಲೇಶಪುರ ತುದಿಯಲ್ಲಿ ಒಂದು, ಮಾರನಹಳ್ಳಿಯಲ್ಲಿ ಒಂದು, ತುಂಬಿದ ಲಾರಿಯನ್ನು ಎಳೆಯುವ ಶಕ್ತಿಯ ಕ್ರೇನ್ ಹಗಲು ರಾತ್ರಿ ನಿಲ್ಲಲಿ. ಬರೀ ಕಾರು ಎಳೆಯುವ ಗಾಡಿ ಸಾಲದು. ಅಪಾಯ ಆಗುವ ಜಾಗದಲ್ಲಿ ನಿಂತ ಗಾಡಿಯನ್ನು ತಕ್ಷಣ ತೆಗೆಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 127ನೇ ಕಲಮಿನಲ್ಲಿ ಪೊಲೀಸರಿಗೆ ಇದೆ. ಕಾನೂನು ಕೈಯಲ್ಲಿದ್ದು ಎಳೆಯುವ ಗಾಡಿ ಇಲ್ಲದಿದ್ದರೆ ಏನು ಮಾಡುವುದು? ಘಾಟಿಯ ಕೆಳಗಿನ ಗುಂಡ್ಯ ದಕ್ಷಿಣ ಕನ್ನಡಕ್ಕೆ ಸೇರಿದ್ದು. ಆ ಜಿಲ್ಲೆಯವರ ಜೊತೆ ಕೂತು, ಯಾವ ಕಲ್ಲಿನವರೆಗೆ ಯಾರ ಕ್ರೇನ್ ಅಂತ ಮೊದಲೇ ನಿಗದಿ ಮಾಡಿ. ಗಾಡಿ ಕೆಟ್ಟವನು ಗಡಿ ನೋಡಿಕೊಂಡು ನಿಲ್ಲಿಸುವುದಿಲ್ಲ.

ಪ್ರತಿ ಕಿಲೋಮೀಟರಿಗೂ ಒಂದು ಬೋರ್ಡ್ ಬೇಕು. ರಾತ್ರಿ ಹೊಳೆಯುವ ಅಕ್ಷರದಲ್ಲಿ, ಕನ್ನಡದಲ್ಲಿ, ಜಾಗದ ಹೆಸರು, ಕಿಲೋಮೀಟರ್, 112, 108, 1033. ಹಾಸನದಿಂದ ಹೊರಡುವ ಬಸ್ಸಿನ ಡ್ರೈವರ್ ಕಂಡಕ್ಟರ್‌ಗಳಿಗೂ ಇದರ ಬಗ್ಗೆ ಒಂದು ತಿಳಿವಳಿಕೆ ಕೊಡಿಸಿ, ಸುದ್ದಿ ಮುಟ್ಟಿಸುವವರು ಅವರೇ. ಸಿಗ್ನಲ್ ಸಿಗದ ತಿರುವುಗಳಲ್ಲಿ ಟವರ್ ಹಾಕಿಸುವುದಕ್ಕೆ ಕಂಪನಿಗಳ ಮೇಲೆ ಒತ್ತಡ ತನ್ನಿ.

ಕೆಟ್ಟ ಗಾಡಿ ಪಕ್ಕಕ್ಕೆ ಹಾಕಲು ಜಾಗವೇ ಇಲ್ಲ ಅನ್ನುವುದು ಇನ್ನೊಂದು ಕಷ್ಟ. ರಸ್ತೆ ನೇರ ಮಾಡಿದ ಕಡೆ ಹಳೆ ರಸ್ತೆಯ ತುಂಡುಗಳು ಉಳಿದಿರುತ್ತವೆ. ಅವುಗಳಿಗೆ ಮಣ್ಣು ಸುರಿದು ಮುಚ್ಚುವ ಬದಲು ತಂಗುವ ಜಾಗ ಮಾಡಿ, ಮುಂಚೆಯೇ ಬೋರ್ಡ್ ಹಾಕಿ: ಮುಂದೆ 500 ಮೀಟರ್, ಗಾಡಿ ನಿಲ್ಲಿಸುವ ಜಾಗ. ಅಲ್ಲಿ ಎಳನೀರು, ಚುರುಮುರಿ ಅಂಗಡಿ ಇಡಲು ಮಾತ್ರ ಬಿಡಬೇಡಿ. ಇಟ್ಟರೆ ಆ ಜಾಗ ಬೇಕಾದವನಿಗೆ ಸಿಗುವುದಿಲ್ಲ.

ಆರ್‌ಟಿಒ ಮತ್ತು ಪೊಲೀಸರಿಗೆ ಒಂದು ಮಾತು. ಹೆಲ್ಮೆಟ್, ಇನ್ಶೂರೆನ್ಸ್ ನೋಡುವ ಜೊತೆಗೆ ಲಾರಿಯ ಹಿಂದಿನ ಲೈಟು, ರಿಫ್ಲೆಕ್ಟರ್, ತ್ರಿಕೋನ ಇದೆಯೇ ನೋಡಿ. ಘಾಟಿ ಇಳಿಯುವ ಮುಂಚೆ ಆನೆಮಹಲ್ ಹತ್ತಿರ ಒಂದು ಬಕೆಟ್ ನೀರು, ಒಂದು ಬಟ್ಟೆ ಇಟ್ಟು ಲೈಟಿನ ಮೇಲಿನ ಕೆಸರು ಒರೆಸಿ ಕಳಿಸಿದರೂ ರಾತ್ರಿಗೆ ಎಷ್ಟೋ ಉಪಕಾರ. ದಂಡಕ್ಕಿಂತ ಅದೇ ಜಾಸ್ತಿ ಕೆಲಸ ಮಾಡುತ್ತದೆ ಅಂತ ನನ್ನ ನಂಬಿಕೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲಿನ ಸಮಯದಲ್ಲಿ ಟ್ರ್ಯಾಕ್ಟರ್, ಪಿಕಪ್‌ಗಳು ಕತ್ತಲಾದ ಮೇಲೂ ಓಡುತ್ತವೆ. ಎಷ್ಟೋ ಟ್ರೇಲರ್‌ಗಳಿಗೆ ಹಿಂದೆ ಒಂದು ಕೆಂಪು ಚುಕ್ಕಿಯೂ ಇರುವುದಿಲ್ಲ. ಬೆಳೆಗಾರರ ಸಂಘಗಳ ಮೂಲಕ ರಿಫ್ಲೆಕ್ಟರ್ ಪಟ್ಟಿ ಹಂಚಿಸಿ, ಖರ್ಚು ದೊಡ್ಡದಲ್ಲ. ಡ್ರೈವಿಂಗ್ ಲೈಸೆನ್ಸಿನ ಪರೀಕ್ಷೆಯಲ್ಲಿ ಎಂಟು ಹಾಕಿಸುವ ಜೊತೆಗೆ ಒಮ್ಮೆ ತ್ರಿಕೋನ ಬಿಡಿಸಿ, ನಡೆದು ಹೋಗಿ ಇಟ್ಟು ಬರಲಿ. ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನ ಹುಡುಗರಿಗೆ ಪ್ರಥಮ ಚಿಕಿತ್ಸೆ ಕಲಿಸುತ್ತೇವೆ ಅಂದರೆ ಬಿಡುವು ಮಾಡಿಕೊಂಡು ಬರುತ್ತೇವೆ. ಅಪಘಾತ ಆದ ಜಾಗಕ್ಕೆ 108ಕ್ಕಿಂತ ಮುಂಚೆ ಮುಟ್ಟುವವರು ಎಷ್ಟೋ ಸಲ ನಾವೇ. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯಲ್ಲೋ ತಾಲೂಕು ಕಚೇರಿಯಲ್ಲೋ ಒಂದು ಭಾನುವಾರ ಸಾಕು.

ಮಳೆ ಶುರುವಾಗುವ ಮುಂಚಿನ ಸಮಿತಿ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕು, ಆ ಸಭೆಗೆ ಲಾರಿ, ಟ್ಯಾಕ್ಸಿ, ಬಸ್ಸಿನ ಚಾಲಕರಿಂದ ಒಬ್ಬೊಬ್ಬರನ್ನಾದರೂ ಕರೆಯಬೇಕು ಅಂತ ಕೇಳಿಕೊಳ್ಳುತ್ತೇನೆ. ಯಾವ ತಿರುವಿನಲ್ಲಿ ಬೋರ್ಡ್ ಬೇಕು, ಎಲ್ಲಿ ಗಾಡಿ ಪಕ್ಕಕ್ಕೆ ಹಾಕಬಹುದು ಅಂತ ಜಾಗಕ್ಕೇ ಬಂದು ತೋರಿಸಲು ನಾವು ತಯಾರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಸಕಲೇಶಪುರದ ಒಬ್ಬ ಟ್ಯಾಕ್ಸಿ ಚಾಲಕ